ನುಲಿಯ ಹಗ್ಗದ ಬೆಲೆ, ಬಣ್ಣದ ಪಟದ ಬೆಲೆ

ನುಲಿಯ ಚಂದಯ್ಯನವರ ಕಾಯಕ ನೋಡುವವರ ಕಣ್ಣಿಗೆ ಬಹಳ ಸಣ್ಣದು. ಕೆರೆಯ ಬದಿಯ ಹುಲ್ಲನ್ನು ಕೊಯ್ದು ತಂದು, ಹೊಸೆದು, ಹಗ್ಗ ಮಾಡಿ ಮಾರುವುದು; ಬಂದ ಹಣದಿಂದ ಜಂಗಮ ದಾಸೋಹ ನಡೆಸುವುದು. ಶರಣ ಪರಂಪರೆ ಅವರ ಕುರಿತು ಒಂದು ಕಥೆಯನ್ನು ಉಳಿಸಿಕೊಂಡು ಬಂದಿದೆ. ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತು. ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಬೆನ್ನು ಹತ್ತಿ ಬಂದಾಗ, ಜೊತೆಯಲ್ಲಿರಬೇಕಾದರೆ ಹಗ್ಗ ಮಾರಿಕೊಂಡು ಬರಬೇಕೆಂದು ಅದಕ್ಕೂ ಕಾಯಕ ಹಚ್ಚಿದರು. ಲಿಂಗವು ಹಗ್ಗವನ್ನು ಬಸವಣ್ಣನವರಿಗೆ ಒಪ್ಪಿಸಿ, ಅದಕ್ಕೆ ಸಲ್ಲುವುದಕ್ಕಿಂತ ಎಷ್ಟೋ ಪಟ್ಟು ಹೊನ್ನನ್ನು ತಂದಿತು. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗದ ಬೆಲೆ ಎಷ್ಟೋ ಅಷ್ಟೇ ತಮಗೆ ಬೇಕು ಎಂದರು.

ಈ ಕಥೆಯನ್ನು ಸಾಮಾನ್ಯವಾಗಿ ನಿರಾಸೆಯ, ಎಂದರೆ ಆಸೆ ಇಲ್ಲದಿರುವಿಕೆಯ ದೃಷ್ಟಾಂತವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಹೆಚ್ಚಿನದು ಬೇಡವೆಂದ ಚಂದಯ್ಯನವರು ಹಗ್ಗವನ್ನು ಬಿಟ್ಟಿಯಾಗಿ ಕೊಡಲು ಹೊರಟವರಲ್ಲ. ಹಗ್ಗಕ್ಕೊಂದು ಬೆಲೆಯಿದೆ, ಆ ಬೆಲೆ ಹೊಸೆದ ಕೈಗೆ ಸಲ್ಲಬೇಕು ಎಂಬುದನ್ನು ಅವರು ಎಂದೂ ಬಿಟ್ಟುಕೊಡಲಿಲ್ಲ. ಬೆಲೆಗಿಂತ ಹೆಚ್ಚು ಪಡೆಯುವುದು ಮಾರುವವನ ದೋಷವಾದರೆ, ಬೆಲೆಗಿಂತ ಕಡಿಮೆ ಕೊಡುವುದು ಕೊಳ್ಳುವವನ ದೋಷ. ಮೊದಲನೆಯದನ್ನು ಕುರಿತು ಉಪನ್ಯಾಸಗಳು ಬಹಳ ನಡೆದಿವೆ. ಎರಡನೆಯದರ ಮಾತು ಬರುವುದು ಅಪರೂಪ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಳ್ಳಿಗಳಲ್ಲಿ ತೈಲವರ್ಣದ ಚಿತ್ರ ಬರೆದು ಬದುಕಲು ಹೆಣಗುವ ಕಲಾವಿದರ ದಿನಚರಿಯನ್ನು ನೋಡಿದರೆ, ಆ ಎರಡನೆಯ ದೋಷ ಎಷ್ಟು ವ್ಯಾಪಕವಾಗಿದೆ ಎಂಬುದು ತಿಳಿಯುತ್ತದೆ.

ಈ ನೆಲಕ್ಕೂ ತೈಲಚಿತ್ರಕ್ಕೂ ಇರುವ ನಂಟು ಹಳೆಯದು. ಇಂದು ಬೈಂದೂರು ತಾಲೂಕಿಗೆ ಸೇರಿರುವ ಕೊಲ್ಲೂರಿಗೆ 1870ರಲ್ಲಿ ತಿರುವಾಂಕೂರಿನ ಒಬ್ಬ ತರುಣ ಚಿತ್ರಕಾರ ಬಂದು, ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ಭಜನೆಯಲ್ಲಿದ್ದನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಅವನೇ ರಾಜಾ ರವಿವರ್ಮ. ಊರಿಗೆ ಮರಳುವ ದಾರಿಯಲ್ಲಿ, ಕೋಳಿಕ್ಕೋಡಿನಲ್ಲಿ, ನ್ಯಾಯಾಧೀಶರೊಬ್ಬರ ಕುಟುಂಬದ ಚಿತ್ರವನ್ನು ಬರೆಯುವ ಕೆಲಸ ಅವನಿಗೆ ದೊರೆಯಿತು. ಹಣ ಪಡೆದು ಅವನು ಮಾಡಿದ ಮೊದಲ ಕೆಲಸ ಅದೆಂದು ಪ್ರತೀತಿ. ಅರಮನೆಯ ನಂಟಿನವನೊಬ್ಬ ತನ್ನ ಕೈಕೆಲಸಕ್ಕೆ ಹಣ ಪಡೆಯುವುದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಚಿತ್ರ ಬರೆಯುವುದು ಒಂದು ಉದ್ಯೋಗ, ಅದಕ್ಕೊಂದು ಪ್ರತಿಫಲವಿದೆ ಎಂಬ ಮಾತಿಗೆ ಆ ಪ್ರವಾಸ ಒಂದು ಮೈಲಿಗಲ್ಲು.

ಅದೇ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದನು. ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಅಲ್ಲಿಂದ ಹೊರಟು, ದೇಗುಲದ ಒಳಗೆ ಪ್ರವೇಶವಿಲ್ಲದವರ ಗುಡಿಸಲಿಗೂ ತಲುಪಿದವು. ಇದು ದೊಡ್ಡ ಉಪಕಾರ. ಆದರೆ ಇದರ ಜೊತೆಗೆ, ಪಟವೆಂದರೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ವಸ್ತು ಎಂಬ ಎಣಿಕೆಯೂ ಜನರ ಮನಸ್ಸಿನಲ್ಲಿ ಬೇರುಬಿಟ್ಟಿತು. ಅಚ್ಚುಕೂಟ ನಷ್ಟಕ್ಕೀಡಾಗಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟು ಹೋಯಿತು; ಆ ಎಣಿಕೆ ಮಾತ್ರ ಉಳಿಯಿತು. ಕೈಯಿಂದ ಬರೆದ ಚಿತ್ರವೂ ಯಂತ್ರ ಒತ್ತಿದ ಚಿತ್ರವೂ ಗೋಡೆಯ ಮೇಲೆ ಒಂದೇ ಎಂದು ಭಾವಿಸುವವರಿಗೆ ಎರಡರ ಬೆಲೆಯೂ ಒಂದೇ ಆಗಿ ಕಾಣುವುದು ಸಹಜ.

ಹಳ್ಳಿಯ ಚಿತ್ರಕಾರನ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ನೋಡಬೇಕು. ಜೂನ್ ಬಂತೆಂದರೆ ಕರಾವಳಿಯಲ್ಲಿ ಬಿಡುವಿಲ್ಲದ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರ ಬಹುಪಾಲು ಬೀಳುವುದು ಈ ನಾಲ್ಕು ತಿಂಗಳಲ್ಲಿ. ಆಗ ಕ್ಯಾನ್ವಾಸ್ ತೇವ ಹೀರಿ ಸಡಿಲಾಗುತ್ತದೆ, ಅದರ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ, ಚೌಕಟ್ಟಿನ ಮರ ಉಬ್ಬಿ ಮೂಲೆ ಬಿಡುತ್ತದೆ. ಇದೇ ಸಮಯದಲ್ಲಿ ಜೂನ್ ಮತ್ತು ಜುಲೈ ತಿಂಗಳ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದಡಕ್ಕೆ ಬಂದ ದೋಣಿಗಳು ಹೊಸ ಬಣ್ಣಕ್ಕೆ ಕಾಯುತ್ತವೆ. ತೈಲಚಿತ್ರವನ್ನು ಮೂಲೆಗೆ ಒರಗಿಸಿ, ಕಲಾವಿದನು ಗಂಗೊಳ್ಳಿಯಲ್ಲೋ ಕೋಡಿಯಲ್ಲೋ ದೋಣಿಯ ಮೈಮೇಲೆ ದೇವರ ಹೆಸರು, ನೋಂದಣಿ ಸಂಖ್ಯೆ ಬರೆಯಲು ಹೋಗುತ್ತಾನೆ. ಚೌತಿ ಹತ್ತಿರ ಬಂದಾಗ ಗಣಪತಿಯ ಮಣ್ಣಿನ ಮೂರ್ತಿಗೆ ಕಣ್ಣು ಬರೆಯುವ ಕೆಲಸ, ನವರಾತ್ರಿಯಲ್ಲಿ ಶಾರದೆಯ ಕೆಲಸ. ಮಳೆ ನಿಂತ ಮೇಲೆ ಶಾಲೆಗಳ ವಾರ್ಷಿಕೋತ್ಸವದ ಹಿನ್ನೆಲೆ ಪರದೆ, ಜಾತ್ರೆಯ ಮಂಟಪ, ಅಂಗನವಾಡಿಯ ಗೋಡೆ. ಬೇಸಗೆಯಲ್ಲಿ ಮಕ್ಕಳಿಗೆ ರಜಾ ಶಿಬಿರ. ಇವೆಲ್ಲದರ ನಡುವೆ ಉಳಿಯುವ ದಿನಗಳಲ್ಲಿ, ಮನೆಯ ಜಗಲಿಯಲ್ಲಿ ಬೆಳಕು ಬೀಳುವ ಕಡೆ ನಿಂತು, ಅವನು ತನ್ನದೆಂದು ಹೇಳಬಹುದಾದ ಚಿತ್ರವನ್ನು ಬರೆಯುತ್ತಾನೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ನೋಟ. ನೇಜಿ ನೆಡುವ ಹೆಂಗಸರು. ಬಣ್ಣದ ಮನೆಯಲ್ಲಿ ಕೇದಗೆ ಮುಂದಲೆ ಕಟ್ಟಿಸಿಕೊಳ್ಳುತ್ತಿರುವ ಬಡಗುತಿಟ್ಟಿನ ವೇಷಧಾರಿ.

ಹಿಂದೆ ಇವನಿಗೆ ಆಧಾರವಾಗಿದ್ದ ಎರಡು ಕೆಲಸಗಳು ಕಣ್ಣೆದುರೇ ಕರಗಿಹೋದವು. ಮೊದಲನೆಯದು ಅಂಗಡಿಯ ಫಲಕ ಮತ್ತು ಬಟ್ಟೆಯ ಬ್ಯಾನರು. ಫ್ಲೆಕ್ಸ್ ಬಂದ ಮೇಲೆ ಎರಡು ದಿನದ ಕೈಬರಹ ಕೆಲವು ನಿಮಿಷಗಳ ಮುದ್ರಣವಾಯಿತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರುಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ಆದರೆ ಫ್ಲೆಕ್ಸು ಮರೆಯಾಗಲಿಲ್ಲ. ಬಟ್ಟೆಗೆ ಮರಳಿದವರೂ ಅದರ ಮೇಲೆ ಯಂತ್ರದಿಂದಲೇ ಅಚ್ಚು ಹಾಕಿಸಿದರು. ಎರಡನೆಯದು ಗತಿಸಿದ ಹಿರಿಯರ ಭಾವಚಿತ್ರ. ಹಳೆಯ ಮಾಸಿದ ಛಾಯಾಚಿತ್ರವೊಂದನ್ನು ತಂದುಕೊಟ್ಟು, ಅಜ್ಜನನ್ನೋ ಅಮ್ಮನನ್ನೋ ತೈಲವರ್ಣದಲ್ಲಿ ಬರೆಯಿಸಿ ಚಾವಡಿಯಲ್ಲಿ ತೂಗುಹಾಕುವುದು ಮನೆತನದ ಮರ್ಯಾದೆಯಾಗಿತ್ತು. ಈಗ ಅದೇ ಛಾಯಾಚಿತ್ರವನ್ನು ಗಣಕಯಂತ್ರದಲ್ಲಿ ತಿದ್ದಿ, ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿ, ಮೇಲೊಂದು ಪಾರದರ್ಶಕ ಲೇಪ ಸವರಿದರೆ ಕೆಲಸ ಮುಗಿಯುತ್ತದೆ. ಈಚೆಗಂತೂ ನಾಲ್ಕು ಮಾತು ಟೈಪಿಸಿದರೆ ಕೃತಕ ಬುದ್ಧಿಮತ್ತೆ ಕುಂಚದ ಗೆರೆಗಳನ್ನೂ ಅನುಕರಿಸಿ ತೋರಿಸುತ್ತದೆ.

ಹಾಗಿದ್ದೂ ಕೈಯಿಂದ ಬರೆದ ತೈಲಚಿತ್ರಕ್ಕೆ ಪ್ರತ್ಯೇಕ ಬೆಲೆ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಎಣ್ಣೆಯಲ್ಲೇ ಇದೆ. ಬಣ್ಣದ ಪುಡಿಯನ್ನು ಹಿಡಿದಿಡುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಬೇಗ ಒಣಗಿದರೆ, ಕೆಲವು ಕಪ್ಪು ಮತ್ತು ಕೆಂಪುಗಳು ವಾರಗಟ್ಟಲೆ ಹಸಿಯಾಗಿಯೇ ಇರುತ್ತವೆ. ಮೊದಲ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನ ಪದರಗಳಿಗೆ ಹೆಚ್ಚು ಇರಬೇಕು. ಈ ಕ್ರಮ ತಪ್ಪಿದರೆ ಮೇಲಿನದು ಮೊದಲು ಒಣಗಿ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಒಳಗಿನವರೆಗೆ ಒಣಗಿ ವಾರ್ನಿಷಿಗೆ ಸಿದ್ಧವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಕತ್ತಲಲ್ಲಿ ಬಹುಕಾಲ ಮುಚ್ಚಿಟ್ಟರೆ ಎಣ್ಣೆ ಹಳದಿಯಾಗುತ್ತದೆ. ಬೆಳಕಿಗೆ ತಂದರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಹೀಗೆ ಕಾಲವನ್ನು ಬೇಡುವ ಮಾಧ್ಯಮವನ್ನು, ವರ್ಷದ ಮೂರನೇ ಒಂದು ಭಾಗ ಮಳೆಗೇ ಹೋಗುವ ಊರಿನಲ್ಲಿ ಹಿಡಿದು ಕುಳಿತವನಿಗೆ ತಾಳ್ಮೆಯೇ ಬಂಡವಾಳ. ಆ ತಾಳ್ಮೆಯ ಲೆಕ್ಕ ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಬಿಡಿಸಿ ಎಣಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡು ಅಡಿಗೆ ಮೂರು ಅಡಿಯ ಒಂದು ಚಿತ್ರಕ್ಕೆ 12 ದಿನದ ಕೆಲಸ ಹಿಡಿಯಿತೆಂದು ಇಟ್ಟುಕೊಳ್ಳಬಹುದು. ಮನೆಯ ಗೋಡೆಗೆ ಬಣ್ಣ ಬಳಿಯುವವನ ದಿನಗೂಲಿ 1,000 ರೂಪಾಯಿ ಎಂದು ಹಿಡಿದರೆ, ಅದೇ ದರದಲ್ಲಿ ಇವನಿಗೆ 12,000 ರೂಪಾಯಿ ಸಲ್ಲಬೇಕು. ಕ್ಯಾನ್ವಾಸ್, ಬಣ್ಣ, ಟರ್ಪೆಂಟೈನ್, ಕುಂಚದ ಸವಕಳಿ ಸೇರಿ 3,000, ಹೊರಚೌಕಟ್ಟಿಗೆ 2,000. ಒಟ್ಟು 17,000. ಇದರಲ್ಲಿ ಪ್ರತಿಭೆಗೆಂದು ಒಂದು ಪೈಸೆಯೂ ಸೇರಿಲ್ಲ, ಕಲಿತ ವರ್ಷಗಳ ಲೆಕ್ಕವೂ ಇಲ್ಲ. ಗೋಡೆಗೆ ಬಣ್ಣ ಬಳಿದವನ ಕೂಲಿಯನ್ನು ಸಂಜೆಯೇ ಎಣಿಸಿಕೊಡುವ ಮನೆಯೊಡೆಯ, ಅದೇ ಗೋಡೆಯ ಮೇಲೆ ತೂಗುವ ಚಿತ್ರಕ್ಕೆ 5,000 ಎಂದರೂ ಹುಬ್ಬು ಗಂಟಿಕ್ಕುತ್ತಾನೆ. ಪರಿಚಯದವನಾದರೆ ಅದೂ ಇಲ್ಲ. “ಒಂದ್ ಪಟ ಬರ್ದ್ ಕೊಡಿ ಮರ್ರೆ, ನಿಮ್ಗೆ ಎಷ್ಟ್ ಹೊತ್ತಿನ್ ಕೆಲ್ಸ” ಎಂಬುದು ಆ ಸೀಮೆಯ ಚಿತ್ರಕಾರರಿಗೆ ಹೊಸ ಮಾತಲ್ಲ. ಹೇಳುವವರಿಗೆ ಅದರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಯ ಖರ್ಚನ್ನು ಮಾತ್ರ ಕೇಳಿಸಿಕೊಂಡವನು ಭರಿಸಬೇಕು.

ಸನ್ಮಾನದ ವಿಷಯವೂ ಹೀಗೆಯೇ. ಕರಾವಳಿಯಲ್ಲಿ ಕಲಾವಿದರನ್ನು ಗೌರವಿಸದ ಊರಿಲ್ಲ. ಶಾಲು, ಹಾರ, ಫಲಪುಷ್ಪ, ಹೊಳೆಯುವ ಸ್ಮರಣಿಕೆ, ನಾಲ್ಕು ಒಳ್ಳೆಯ ಮಾತು ಎಲ್ಲವೂ ಸಿಗುತ್ತವೆ. ಸಭೆ ಮುಗಿದ ಮೇಲೆ ಅದೇ ಸಮಿತಿಯವರು ಮುಂದಿನ ವರ್ಷದ ವೇದಿಕೆಯ ಪರದೆಯನ್ನು ಸೇವೆಯೆಂದು ಬರೆದುಕೊಡಬೇಕೆಂದು ಕೇಳಿಕೊಳ್ಳುತ್ತಾರೆ. ಶಾಲಿನಿಂದ ಬಣ್ಣದ ಟ್ಯೂಬು ಬರುವುದಿಲ್ಲ, ಮಗಳ ಶಾಲೆಯ ಶುಲ್ಕವೂ ಕಟ್ಟಲಾಗುವುದಿಲ್ಲ. ಹೊಗಳಿಕೆಯನ್ನು ಬೆಲೆಯ ಜಾಗದಲ್ಲಿ ಇರಿಸುವುದು ಒಂದು ಬಗೆಯ ತೂಕದ ಮೋಸ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ, ಅವುಗಳನ್ನು ತಳ್ಳಿಹಾಕುವಂತಿಲ್ಲ. ಅಕ್ಕಿ, ಔಷಧ, ಮಕ್ಕಳ ಓದಿನ ಖರ್ಚಿನಲ್ಲೇ ತತ್ತರಿಸುವ ಕುಟುಂಬ 17,000 ರೂಪಾಯಿಯ ಚಿತ್ರ ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಕೊಳ್ಳಲಾರದವನಿಂದ ಅನ್ಯಾಯವಾಗುವುದಿಲ್ಲ. ಕೊಳ್ಳಬಲ್ಲವನು, ಮನೆಯ ಟೈಲ್ಸಿಗೆ ಲಕ್ಷ ಸುರಿದವನು, ಚಿತ್ರದ ಮುಂದೆ ನಿಂತಾಗ ಮಾತ್ರ ಬಡವನಾಗುವುದೇ ಅನ್ಯಾಯ. ಇನ್ನೊಂದು ಮಾತು, ಕಲೆಯೆಂಬುದು ಆರಾಧನೆ, ಅದನ್ನು ಮಾರಬಾರದು ಎಂಬುದು. ಕೇಳಲು ಇದು ಬಹಳ ಎತ್ತರದ ಮಾತು. ಆದರೆ ನೇಯುವುದನ್ನೂ, ದೋಣಿ ನಡೆಸುವುದನ್ನೂ, ಬಟ್ಟೆ ಒಗೆಯುವುದನ್ನೂ ಆರಾಧನೆಯೆಂದು ಕಂಡ ಶರಣರು ಯಾರಿಗೂ ಕೂಲಿ ಬಿಡಲು ಹೇಳಲಿಲ್ಲ. ಕಾಯಕದಿಂದ ಪ್ರತಿಫಲ ಬರಬೇಕು, ಆ ಪ್ರತಿಫಲ ಶುದ್ಧವಾಗಿರಬೇಕು, ಅದರಲ್ಲಿ ತನ್ನ ಅಗತ್ಯ ಕಳೆದು ಉಳಿದುದು ಸಮಾಜಕ್ಕೆ ಸಲ್ಲಬೇಕು. ಪ್ರತಿಫಲವೇ ಇಲ್ಲದವನು ದಾಸೋಹ ಮಾಡುವುದಾದರೂ ಯಾವುದರಿಂದ?

ಹಾಗೆಂದು ಚಿತ್ರಕಾರನ ಮೇಲೆ ಹೊಣೆಯಿಲ್ಲವೆಂದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ, ಇದ್ದಲ್ಲಿಗೇ ಸುರಿದು ಬರಬೇಕೆಂದು ಹಿಂದಿರುಗಿಸಿದರು. ಮುದ್ರಿತ ಕ್ಯಾನ್ವಾಸಿನ ಮೇಲೆ ನಾಲ್ಕು ಗೆರೆ ಎಳೆದು ಕೈಬರಹದ ಚಿತ್ರವೆಂದು ಮಾರುವುದು, ಅಗ್ಗದ ಬಣ್ಣ ಬಳಸಿ ಶಾಶ್ವತವೆಂದು ಹೇಳುವುದು, ಕೊಳ್ಳುವವನ ಕಾರನ್ನು ನೋಡಿ ಬೆಲೆ ಏರಿಸುವುದು ಆ ಹೆಚ್ಚಿನ ಅಕ್ಕಿಯೇ. ಇನ್ನೊಂದು ದೌರ್ಬಲ್ಯವೂ ಉಂಟು. ಹಲವು ಕಲಾವಿದರಿಗೆ ಬೆಲೆ ಹೇಳಲು ನಾಚಿಕೆ. ನಿಮಗೆ ತೋಚಿದ್ದು ಕೊಡಿ ಎಂದುಬಿಡುತ್ತಾರೆ. ಬಳಿಕ ಸಿಕ್ಕಿದ್ದನ್ನು ನೋಡಿ ಒಳಗೊಳಗೇ ನೋಯುತ್ತಾರೆ. ಹಗ್ಗದ ಬೆಲೆಯನ್ನು ನೇರವಾಗಿ ಹೇಳುವ ಧೈರ್ಯವೂ ಚಂದಯ್ಯನವರಿಂದ ಕಲಿಯಬೇಕಾದ ಪಾಠ. ಚಿತ್ರದ ಹಿಂಬದಿಯಲ್ಲಿ ಅಳತೆ, ಮಾಧ್ಯಮ, ವರ್ಷ, ಬೆಲೆ ಬರೆದಿಟ್ಟರೆ ಅರ್ಧ ಸಂಕೋಚ ತಾನೇ ಕಳೆಯುತ್ತದೆ.

ಬೆಲೆ ಸಿಗದ ಪ್ರತಿಭೆ ಊರು ಬಿಡುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಗೆ ಹೋಗಿ, ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲೂ ಅನಂತರ ಜೆ. ಜೆ. ಕಲಾಶಾಲೆಯಲ್ಲೂ ಕಲಿತು, ಪ್ಯಾರಿಸಿನವರೆಗೆ ನಡೆದು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದರು. ಅವರು 1996ರಲ್ಲಿ ತೀರಿಕೊಂಡದ್ದೂ ಮುಂಬಯಿಯಲ್ಲೇ. ಅವರ ಕುಂಚದಲ್ಲಿ ತುಳುನಾಡಿನ ಬದುಕು ಕೊನೆಯವರೆಗೂ ಇತ್ತು. ಆದರೆ ಆ ಬದುಕನ್ನು ಕೊಂಡು ಪೋಷಿಸಿದ್ದು ಮಹಾನಗರ. ಊರಲ್ಲೇ ನಿಂತು ಕಲೆಯ ಕಣ್ಣು ತೆರೆಸಿದವರೂ ಇದ್ದಾರೆ. ಈಗ ಬ್ರಹ್ಮಾವರ ತಾಲೂಕಿನಲ್ಲಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಬರೆದ ಮೊದಲಿಗರ ಸಾಲಿನವರು, ಸ್ವತಃ ಕುಂಚ ಹಿಡಿದವರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಗೀರಿ ಬರೆಯುವ ಕರಾವಳಿಯ ಕಾವಿ ಕಲೆಯನ್ನು ಅಧ್ಯಯನ ಮಾಡಿ ಮತ್ತೆ ಬಳಕೆಗೆ ತರಲು ಜನಾರ್ದನ ಹಾವಂಜೆಯವರು ದುಡಿಯುತ್ತಿದ್ದಾರೆ. ಊರಲ್ಲಿ ಕಲೆಗೆ ಬೇರಿಲ್ಲ ಎನ್ನುವಂತಿಲ್ಲ. ಇಲ್ಲದಿರುವುದು ಸಂತೆ.

ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆ ಈ ಕೊರತೆಗೆ ಒಂದು ಉತ್ತರ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರೇ ನಿಂತು ಚಿತ್ರ ಮಾರುತ್ತಾರೆ. ಗ್ಯಾಲರಿಗಳು ಮಾರಾಟದ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ತಮ್ಮ ಪಾಲೆಂದು ತೆಗೆದುಕೊಳ್ಳುವುದುಂಟು. ಇಲ್ಲಿ ಬರೆದವನೂ ಕೊಳ್ಳುವವನೂ ಎದುರುಬದುರಾಗುತ್ತಾರೆ. ಆದರೆ ಬೈಂದೂರಿನಿಂದ ಹೊರಡುವವನಿಗೆ ಚಿತ್ರಗಳನ್ನು ಸುತ್ತಿ ರಾತ್ರಿ ಬಸ್ಸಿನಲ್ಲಿ ಸಾಗಿಸುವ ಪಾಡು, ಮಾರಾಟವಾಗದಿದ್ದರೆ ಅವನ್ನು ಹೊತ್ತು ಮರಳುವ ನೋವು ಇವೆ. ವರ್ಷದಲ್ಲಿ ಒಂದು ದಿನದ ಸಂತೆ ವರ್ಷದ ಅನ್ನವಾಗದು. 2025ರ ಸೆಪ್ಟೆಂಬರ್ 22ರಿಂದ ಕೈಯಿಂದ ಬರೆದ ಚಿತ್ರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ಒಳ್ಳೆಯದೇ. ಆದರೆ ತೆರಿಗೆಯ ಮಿತಿಯನ್ನೇ ತಲುಪದ ಹಳ್ಳಿಯ ಚಿತ್ರಕಾರನಿಗೆ ಬೇಕಾಗಿರುವುದು ಕೊಳ್ಳುವವರು.

ಆ ಕೊಳ್ಳುವವರು ಊರಲ್ಲೇ ಇದ್ದಾರೆ. ಮಠ, ದೇವಸ್ಥಾನ, ಸಹಕಾರಿ ಸಂಘ, ಯುವಕ ಮಂಡಲಗಳು ವರ್ಷವಿಡೀ ಹಂಚುವ ಸ್ಮರಣಿಕೆಗಳನ್ನೇ ನೋಡಬಹುದು. ಗಾಜು, ಪ್ಲಾಸ್ಟಿಕ್ಕು, ತಗಡಿನ ಆ ವಸ್ತುಗಳು ಪಡೆದವರ ಮನೆಯಲ್ಲಿ ಕಪಾಟಿನ ಮೇಲೆ ಧೂಳು ಹಿಡಿಯುತ್ತವೆ. ಆ ಹಣದಲ್ಲಿ ಹತ್ತು ಸಣ್ಣ ತೈಲಚಿತ್ರಗಳನ್ನು ಊರಿನ ಕಲಾವಿದನಿಂದ ಬರೆಯಿಸಿದರೆ, ಪಡೆದವರಿಗೂ ಗೌರವ, ಬರೆದವನಿಗೂ ಕಾಯಕ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವ ಕುಂದಾಪುರದವರು ತಮ್ಮ ಗೋಡೆಗಳಿಗೆ ಯಕ್ಷಗಾನದ ಮುದ್ರಿತ ಪಟ ಅಂಟಿಸುವ ಬದಲು, ಊರಿನಲ್ಲಿ ಬರೆಯಿಸಿದ ಒಂದು ಚಿತ್ರವನ್ನು ಬರೆದವನ ಹೆಸರಿನೊಂದಿಗೆ ತೂಗುಹಾಕಬಹುದು. ಕೋಟೇಶ್ವರದ ಕೊಡಿ ಹಬ್ಬದಲ್ಲಿ, ಹೊಸ ದಂಪತಿಗಳು ಕಬ್ಬಿನ ಕೊಡಿ ಒಯ್ಯುವ ಆ ದಾರಿಯಲ್ಲಿ, ಬಳೆ ಮಿಠಾಯಿಗಳ ಅಂಗಡಿ ಸಾಲಿನಲ್ಲಿ ಕಲಾವಿದರಿಗೆ ಬಾಡಿಗೆಯಿಲ್ಲದ ನಾಲ್ಕು ಮಾರು ಜಾಗ ಕೊಡಬಹುದು. ಅದರಿಂದ ಸಮಿತಿಗೆ ದೊಡ್ಡ ನಷ್ಟವೇನೂ ಆಗದು.

ಒಮ್ಮೆಗೇ ಹಣ ಕೊಡಲಾರದ ಮಧ್ಯಮ ವರ್ಗದವರಿಗೂ ಈ ಜಿಲ್ಲೆಯೇ ದಾರಿ ತೋರಿಸಿದೆ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ ಅವರ ನೆರವಿಗಾಗಿ 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ, ಮನೆಬಾಗಿಲಿಗೆ ಬಂದವರ ಕೈಗೆ ದಿನಕ್ಕೆ ಎರಡಾಣೆ ಕೊಟ್ಟು ಉಳಿತಾಯ ಮಾಡುವುದನ್ನು ಜನ ಕಲಿತರು. ದಿನಕ್ಕೆ 57 ರೂಪಾಯಿಯಂತೆ ಹತ್ತು ತಿಂಗಳು ಎತ್ತಿಟ್ಟರೆ ಮೇಲೆ ಎಣಿಸಿದ ಆ 17,000 ರೂಪಾಯಿ ಕೂಡುತ್ತದೆ. ಚಿತ್ರ ಒಳಗಿನವರೆಗೆ ಒಣಗಲೂ ಸರಿಸುಮಾರು ಅಷ್ಟೇ ಕಾಲ ಬೇಕು. ಕೊಳ್ಳುವವನ ಕಂತು ಮುಗಿಯುವ ಹೊತ್ತಿಗೆ ಚಿತ್ರಕ್ಕೆ ವಾರ್ನಿಷು ಬಳಿಯುವ ದಿನವೂ ಹತ್ತಿರವಾಗಿರುತ್ತದೆ. ಇಬ್ಬರ ತಾಳ್ಮೆಯೂ ಒಂದೇ ಅಳತೆಯದಾಗುತ್ತದೆ.

ಬಸವಣ್ಣನವರ ಮನೆಯಲ್ಲಿ ಹೊನ್ನಿಗೆ ಕೊರತೆಯಿರಲಿಲ್ಲ. ಅವರು ಹೆಚ್ಚು ಕೊಟ್ಟದ್ದು ಭಕ್ತಿಯಿಂದ. ಆ ಭಕ್ತಿಯನ್ನೂ ಚಂದಯ್ಯನವರು ಬೆಲೆಯ ಜಾಗದಲ್ಲಿ ಕೂರಲು ಬಿಡಲಿಲ್ಲ. ಇಂದು ಹಳ್ಳಿಯ ಚಿತ್ರಕಾರನಿಗೆ ದೊರೆಯುವ ಶಾಲು ಹಾರಗಳಲ್ಲಿ ಭಕ್ತಿ ಇರಬಹುದು, ಅಭಿಮಾನವಂತೂ ಇದೆ. ಅವುಗಳ ಜೊತೆಗೆ, ಅವನು ಬೆಲೆ ಹೇಳಿದಾಗ ಚೌಕಾಸಿ ಮಾಡದೆ ಎಣಿಸಿಕೊಡುವ ಒಂದು ಕೈ ಬೇಕಾಗಿದೆ. ಜಗಲಿಯ ಗೋಡೆಗೆ ಮುಖಮಾಡಿ ಒರಗಿಸಿಟ್ಟ ಮರವಂತೆಯ ಕಡಲು, ನೇಜಿಯ ಗದ್ದೆ, ವೇಷಧಾರಿಯ ಮುಖ ಬೆಳಕಿಗೆ ಬರುವುದು ಆ ಕೈಯಿಂದಲೇ.